ಹಚ್ಚೆಯ ಕಾರಣ



ಕಳೆದ ಸೋಮವಾರ ಬೆಳಗಿನ ಪೂಜೆ ಮುಗಿಸಿ ನಾವು ಹೊರಗೆ ಬಂದು ಕುಳಿತಿದ್ದೆವು. ಒಬ್ಬ ತಾಯಿ ತನ್ನ ಮಗನನ್ನು ಕರೆದುಕೊಂಡು ದರ್ಶನಕ್ಕೆ ಬಂದಳು. ಹುಡುಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ನಮಸ್ಕಾರ ಮಾಡಲು ಬಾಗಿದಾಗ ಅವನ ಅಂಗಿಯ ತೋಳು ಮೇಲೆ ಸರಿಯಿತು. ಮೊಣಕೈಯಿಂದ ಮುಂಗೈತನಕ ಹಚ್ಚೆ! ಬಳ್ಳಿ, ಹಕ್ಕಿ, ನಡುವೆ ಏನೋ ಅಕ್ಷರ. ನಾವು ಪೂರ್ತಿ ನೋಡಲೂ ಇಲ್ಲ. "ಏನಪ್ಪಾ, ಮೈಯನ್ನು ಗೋಡೆ ಅಂತ ತಿಳಿದೆಯೇನು?" ಎಂದುಬಿಟ್ಟೆವು. ಸುತ್ತ ಕುಳಿತವರು ನಕ್ಕರು. ಸ್ವಾಮಿಗಳ ಮಾತಿಗೆ ಜನ ನಗಬಾರದ ಕಡೆಯೂ ನಗುತ್ತಾರೆ, ಅದೊಂದು ತೊಂದರೆ. ಹುಡುಗ ಮಾತಾಡಲಿಲ್ಲ. ತೋಳನ್ನು ಕೆಳಗೆಳೆದುಕೊಂಡು ತಾಯಿಯ ಹಿಂದೆ ಹೋಗಿ ನಿಂತ.

ಆ ದಿನವೆಲ್ಲ ನಮಗೆ ಸಮಾಧಾನವಿರಲಿಲ್ಲ. ಬೈದದ್ದು ಆಯಿತು, ಆದರೆ "ಯಾಕೆ ಹಾಕಿಸಿಕೊಂಡೆ?" ಎಂದು ಒಂದು ಮಾತು ಕೇಳಲಿಲ್ಲವಲ್ಲ! ಅದಕ್ಕೇ ಈ ಹೊತ್ತು ಹಚ್ಚೆಯ ಮಾತನ್ನೇ ಎತ್ತಿಕೊಂಡಿದ್ದೇವೆ.

ಇದು ಪಟ್ಟಣದ ಹುಡುಗರು ಹೊಸದಾಗಿ ಕಂಡುಹಿಡಿದದ್ದಲ್ಲ. ಇಲ್ಲಿ ಮುಂದೆ ಕುಳಿತಿರುವ ಅಜ್ಜಿಯರು ಒಮ್ಮೆ ಕೈ ಮುಂದೆ ಮಾಡಲಿ, ಯಾರ ಮುಂಗೈಯಲ್ಲಿ ಚುಕ್ಕೆ ಇದೆ, ಯಾರ ತೋಳಿನ ಮೇಲೆ ತೊಟ್ಟಿಲು ಇದೆ, ಚೇಳು ಇದೆ, ತಿಳಿಯುತ್ತದೆ. ನಮ್ಮ ಪೂರ್ವಾಶ್ರಮದ ಅಜ್ಜಿಗೆ ಹುಬ್ಬಿನ ನಡುವೆ ಒಂದು ಹಸಿರು ಚುಕ್ಕೆ, ಎರಡೂ ತೋಳಿನ ಮೇಲೆ ರಂಗೋಲಿ ಇತ್ತು. ಸುಗ್ಗಿ ಮುಗಿದ ಮೇಲೆ ಕೊರವರ ಹೆಣ್ಣುಮಗಳು ಬುಟ್ಟಿ ಹೊತ್ತು ಊರಿಗೆ ಬರುತ್ತಿದ್ದಳಂತೆ. ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಮೂರು ನಾಲ್ಕು ಸೂಜಿಗಳನ್ನು ಒಂದಾಗಿ ಕಟ್ಟಿ ಚುಚ್ಚುತ್ತಿದ್ದಳು. ಎಂಟು ವರ್ಷದ ನಮ್ಮಜ್ಜಿಯನ್ನು ಇಬ್ಬರು ಹೆಂಗಸರು ಅದುಮಿ ಹಿಡಿದಿದ್ದರು. ಮಗು ಅತ್ತಷ್ಟೂ ಹಚ್ಚೆ ಹಾಕುವವಳು ಜೋರಾಗಿ ಹಾಡುತ್ತಿದ್ದಳು. ಮುಗಿದ ಮೇಲೆ ಅರಿಸಿನ ಎಣ್ಣೆ ಸವರಿ, ಒಂದು ಸೇರು ಜೋಳ, ಒಂದು ಹಳೆಯ ಸೀರೆ ಪಡೆದು ಮುಂದಿನ ಮನೆಗೆ ಹೋದಳು.

"ಯಾಕ ಹಾಕಿಸ್ಕೊಂಡಿ?" ಎಂದು ನಾವು ಚಿಕ್ಕವರಿದ್ದಾಗ ಕೇಳಿದ್ದೆವು. "ಹಾಕಿಸಿದ್ರು, ಹಾಕಿಸ್ಕೊಂಡೆ. ಹಚ್ಚಿ ಇಲ್ಲದ ಹುಡುಗೀನ ಯಾರು ಮಾಡ್ಕೋತಾರ?" ಎಂದಳು. ಅವಳನ್ನು ಯಾರೂ ಕೇಳಿರಲಿಲ್ಲ. ಆದರೆ ಮುಪ್ಪಿನಲ್ಲಿ ಅದೇ ಅಜ್ಜಿ ಆ ತೋಳನ್ನು ಸವರಿಕೊಂಡು ಬೇರೆ ಮಾತು ಹೇಳುತ್ತಿದ್ದಳು: "ಸತ್ತ ದಿನ ಬಂಗಾರ ಬಿಚ್ಕೋತಾರ, ಬೆಳ್ಳಿ ಬಿಚ್ಕೋತಾರ. ಇದನ್ನ ಯಾರು ಬಿಚ್ಕೋತಾರ?" ಆಗ ನಾವು ಕಿಡಿಗೇಡಿತನದಿಂದ, "ಲಿಂಗವೂ ಬರತದಲ್ಲ ಅಜ್ಜಿ" ಎಂದೆವು. "ಅದು ದೇವರದು, ಇದು ನಂದು" ಎಂದಳು. ಆ ಮಾತಿಗೆ ಈ ವಯಸ್ಸಿನವರೆಗೂ ನಮ್ಮಲ್ಲಿ ಉತ್ತರವಿಲ್ಲ. ತನ್ನದು ಎನ್ನಲು ಆ ಹೆಣ್ಣುಮಗಳಿಗೆ ಹೊಲವಿರಲಿಲ್ಲ, ಮನೆಯಿರಲಿಲ್ಲ, ಒತ್ತಾಯದಿಂದ ಚುಚ್ಚಿದ ನಾಲ್ಕು ಗೆರೆ ಇದ್ದವು.

ಇದು ಬಹಳ ಹಳೆಯ ಕಥೆ. 1991ರಲ್ಲಿ ಯುರೋಪಿನ ಆಲ್ಪ್ಸ್ ಪರ್ವತದ ಹಿಮದಲ್ಲಿ ಒಬ್ಬ ಮನುಷ್ಯನ ಹೆಣ ಸಿಕ್ಕಿತು. ಅವನು ಸತ್ತು 5,000 ವರ್ಷಕ್ಕೂ ಮೇಲಾಗಿತ್ತು. ಮೈಮೇಲೆ 61 ಹಚ್ಚೆಯ ಗುರುತು, ಅವುಗಳಲ್ಲಿ ಹೆಚ್ಚಿನವು ಸೊಂಟ, ಮೊಣಕಾಲು, ಹರಡುಗಳ ಹತ್ತಿರ. ಕೀಲುನೋವಿಗೆ ಮದ್ದೆಂದು ಹಾಕಿಸಿಕೊಂಡಿರಬೇಕು ಎಂದು ಬಲ್ಲವರು ಊಹಿಸುತ್ತಾರೆ.

ಶಿಕ್ಷೆಗೂ ಹಚ್ಚೆ ಹಾಕಿದವರಿದ್ದಾರೆ. ನಮ್ಮ ದೇಶದಲ್ಲೇ ಕಂಪನಿ ಸರಕಾರ 1797ರಲ್ಲಿ ಬಂಗಾಳದಲ್ಲಿ ಕಾಯಿದೆ ಮಾಡಿ, ಜೀವಾವಧಿ ಕೈದಿಗಳ ಹಣೆಯ ಮೇಲೆ ಅವರ ಅಪರಾಧವನ್ನು ಚುಚ್ಚಿಸುತ್ತಿತ್ತು. 1849ರಲ್ಲಿ ಅದು ನಿಂತಿತು. ಹಣೆ ಕಾಣಬಾರದೆಂದು ಆ ಕೈದಿಗಳು ರುಮಾಲನ್ನು ಹುಬ್ಬಿನವರೆಗೆ ಇಳಿಸಿ ಸುತ್ತಿಕೊಳ್ಳುತ್ತಿದ್ದರು. ನಾವು ವಿಭೂತಿ ಧರಿಸುವ ಜಾಗ ಅದು. ಅಲ್ಲಿ ಪರರು ಬರೆದ ಅಕ್ಷರ ಹೊತ್ತುಕೊಂಡು ಬದುಕುವುದೆಂದರೆ ಏನು, ಯೋಚಿಸಿ ನೋಡಿ.

ಇನ್ನೊಂದು ಕಡೆ ಛತ್ತೀಸಗಡದಲ್ಲಿ ರಾಮನಾಮಿ ಎಂಬ ಪಂಥದವರಿದ್ದಾರೆ. ದಲಿತರು. ಕೀಳುಜಾತಿಯವರೆಂದು ಗುಡಿಯೊಳಗೆ ಬಿಡುತ್ತಿರಲಿಲ್ಲ. 1890ರ ದಶಕದಲ್ಲಿ ಚಾರ್‌ಪಾರಾ ಎಂಬ ಹಳ್ಳಿಯ ಪರಶುರಾಮ ಎಂಬವನಿಂದ ಅವರಲ್ಲಿ ಮೈಮೇಲೆಲ್ಲ ರಾಮನ ಹೆಸರು ಚುಚ್ಚಿಸಿಕೊಳ್ಳುವ ಪದ್ಧತಿ ಮೊದಲಾಯಿತು. ಹಣೆ, ಕೆನ್ನೆ, ಎದೆ, ಕೆಲವರಿಗೆ ಸರ್ವಾಂಗ. ಗುಡಿಯ ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಿರಿ, ಈ ಚರ್ಮದಿಂದ ಅವನನ್ನು ಹೇಗೆ ತೆಗೆಯುತ್ತೀರಿ ಎಂಬ ಹಟ. ದೇಹವನ್ನೇ ದೇಗುಲ ಮಾಡಿಕೊಂಡವರ ಪರಂಪರೆಯಲ್ಲಿ ಬಂದ ನಾವು ಅವರನ್ನು ನೋಡಿ ನಗಲಾದೀತೆ? ಈಗ ಅವರ ಮೊಮ್ಮಕ್ಕಳು ಪಟ್ಟಣದಲ್ಲಿ ಕೆಲಸ ಸಿಗುವುದಿಲ್ಲವೆಂದು ಹಾಗೆ ಮೈತುಂಬ ಹಾಕಿಸಿಕೊಳ್ಳುವುದಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಅಜ್ಜನ ಕಾರಣ ಮೊಮ್ಮಗನಿಗೆ ತಾನಾಗಿ ಬರುವುದಿಲ್ಲ, ಅಷ್ಟೆ.

ಮೊನ್ನೆ ನಮ್ಮ ಪ್ರಸಾದನಿಲಯದಲ್ಲಿ ಓದಿ ಹೋದ ಹುಡುಗರು ಕೆಲವರು ಬಂದಿದ್ದರು. ನಾಲ್ವರಿಗೆ ಹಚ್ಚೆಯಿತ್ತು. ಈ ಸಲ ಬೈಯಲಿಲ್ಲ, ಕೇಳಿದೆವು. ಒಬ್ಬ, "ಗೆಳೆಯರೆಲ್ಲ ಹಾಕಿಸಿದರು" ಎಂದ. ಅಜ್ಜಿಯ ಉತ್ತರವೇ ಬಂತಲ್ಲ ಎಂದು ನಮಗೆ ನಗು ಬಂತು. ಅಜ್ಜಿಯನ್ನಾದರೂ ಇಬ್ಬರು ಅದುಮಿ ಹಿಡಿದಿದ್ದರು, ಇವನು ತಾನೇ ದುಡ್ಡು ಕೊಟ್ಟು ಹೋಗಿ ಕುಳಿತ! ಇನ್ನೊಬ್ಬ ಮೀನಖಂಡದ ಮೇಲೆ ತ್ರಿಶೂಲ ಹಾಕಿಸಿದ್ದ. ಮೂರನೆಯವನ ತೋಳಿನ ಮೇಲೆ ದೊಡ್ಡ ಹೂವು. ಮೊದಲು ಅಲ್ಲಿ ಒಂದು ಹೆಣ್ಣಿನ ಹೆಸರಿತ್ತು, ಸಂಬಂಧ ಮುರಿದ ಮೇಲೆ ಹೆಸರಿನ ಮೇಲೆ ಹೂ ಬರೆಸಿದನಂತೆ. ಲೇಸರ್ ಕಿರಣದಿಂದ ಅಳಿಸಬಹುದಂತೆ, ಆದರೆ ಅದಕ್ಕೆ ಹಲವು ಸಲ ಹೋಗಬೇಕು, ಬರೆಸಿದ್ದಕ್ಕಿಂತ ಹೆಚ್ಚು ಖರ್ಚು, ಪೂರ್ತಿ ಹೋಗುತ್ತದೆಂಬ ಭರವಸೆಯಿಲ್ಲ. ನಾಲ್ಕನೆಯವನು ಅಪಘಾತದಲ್ಲಿ ಸತ್ತ ಗೆಳೆಯನ ಹೆಸರು ಬರೆಸಿದ್ದ. ಅವನಿಗೆ ನಾವು ಏನೂ ಹೇಳಲಿಲ್ಲ.

ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹತ್ತು ಜನರಿಗೆ ಚುಚ್ಚುವವರಿದ್ದಾರೆ. ಕಾಮಾಲೆಯ ರೋಗ, ಏಡ್ಸ್ ರೋಗ ಎರಡಕ್ಕೂ ಅದು ದಾರಿ. ತಾಯಂದಿರು ಈ ಮಾತನ್ನಾದರೂ ಮಕ್ಕಳಿಗೆ ಹೇಳಬೇಕು.

ಮಸಿ ಚರ್ಮದಲ್ಲಿ ನಿಲ್ಲುವುದು ಹೇಗೆ ಎಂದು ಒಬ್ಬ ವೈದ್ಯ ಭಕ್ತರನ್ನು ಕೇಳಿದೆವು. ಸೂಜಿ ಮಸಿಯನ್ನು ಮೇಲಿನ ಪದರ ದಾಟಿಸಿ ಒಳಪದರಕ್ಕೆ ಇಳಿಸುತ್ತದೆ. ದೇಹದ ಕಾವಲು ಕಣಗಳು ಅದನ್ನು ಶತ್ರುವೆಂದು ತಿಳಿದು ನುಂಗುತ್ತವೆ, ಅರಗಿಸಲಾರವು. ಆ ಕಣಗಳಿಗೂ ಸಾವಿದೆ. ಒಂದು ಸತ್ತಾಗ ಹೊಸ ಕಣ ಬಂದು ಆ ಮಸಿಯನ್ನು ತಾನು ನುಂಗಿ ಹಿಡಿದಿಟ್ಟುಕೊಳ್ಳುತ್ತದೆ. ಫ್ರಾನ್ಸಿನ ವಿಜ್ಞಾನಿಗಳು ಇಲಿಗಳಲ್ಲಿ ಪರೀಕ್ಷಿಸಿ 2018ರಲ್ಲಿ ಇದನ್ನು ಪ್ರಕಟಿಸಿದರಂತೆ. ನಮಗೆ ಬಹಳ ಸೋಜಿಗವಾಯಿತು. ಒಮ್ಮೆ ಹಾಕಿಸಿದರೆ ಸದಾ ಇರುತ್ತದೆ ಎನ್ನುತ್ತೇವೆ, ಒಳಗೆ ನೋಡಿದರೆ ಕೈಯಿಂದ ಕೈಗೆ ದಾಟಿಸುವ ಕೆಲಸ ನಿಂತೇ ಇಲ್ಲ! ವಿಭೂತಿಯನ್ನು ನಾವು ದಿನಾಲೂ ಧರಿಸುತ್ತೇವೆ, ಸ್ನಾನದಲ್ಲಿ ಹೋಗುತ್ತದೆ, ಮರುದಿನ ಮತ್ತೆ ಧರಿಸಬೇಕು. ಮರೆತರೆ ಹಣೆ ಬರಿದು. ಹಚ್ಚೆ ಹಾಗಲ್ಲ, ನಾವು ಮರೆತರೂ ಅದು ಇರುತ್ತದೆ. ಮೈ ದಾಟಿಸುತ್ತ ಹೋಗುತ್ತದೆ, ಮನಸ್ಸು ಎಂದೋ ಕೈಬಿಟ್ಟಿರುತ್ತದೆ. ನಮ್ಮ ಅನುಮಾನ ಅಷ್ಟು ಮಾತ್ರ.

ನಿನ್ನೆ ಆ ತಾಯಿಯನ್ನೂ ಮಗನನ್ನೂ ಹೇಳಿ ಕಳಿಸಿ ಕರೆಸಿದೆವು. "ತಪ್ಪು ನಮ್ಮದಪ್ಪಾ, ಈಗ ಕೇಳುತ್ತೇವೆ, ಯಾಕೆ ಹಾಕಿಸಿದೆ?" ಎಂದೆವು. ಹುಡುಗ ತೋಳು ಮೇಲೆ ಮಾಡಿದ. ಬಳ್ಳಿಯ ನಡುವಿನ ಅಕ್ಷರ ಓದಿದೆವು. "ಅವ್ವ" ಎಂದಿತ್ತು. ಎರಡು ವರ್ಷದ ಹಿಂದೆ ತಾಯಿಗೆ ಹೊಟ್ಟೆಯ ಆಪರೇಶನ್ ಆದಾಗ ಅವನಿಗೆ ರಜೆ ಸಿಗಲಿಲ್ಲವಂತೆ. ಆ ಸಂಜೆ ತಡೆಯಲಾರದೆ ಹೋಗಿ ಬರೆಸಿಕೊಂಡ. "ಅವ್ವಗೆ ಹೇಳಿದೆಯಾ?" ಇಲ್ಲ. "ವಾರಕ್ಕೆ ಎಷ್ಟು ಸಲ ಫೋನು ಮಾಡುತ್ತೀ?" ತಲೆ ತಗ್ಗಿಸಿದ.

ತಾಯಿ ನಮ್ಮ ಮುಖವನ್ನೂ ಅವನ ಮುಖವನ್ನೂ ನೋಡುತ್ತಿದ್ದಳು. "ಏನ್ ಬರದೈತ್ರೀ ಅಪ್ಪಾರ? ನನಗ ಓದಾಕ ಬರಂಗಿಲ್ಲ. ಯಾವುದೋ ಹುಡುಗಿ ಹೆಸರಂತ ಎರಡು ವರ್ಷದಿಂದ ಎದಿ ಹೊಡ್ಕೊಳ್ಳಾಕತ್ತೀನಿ" ಎಂದಳು. ನಾವು ಓದಿ ಹೇಳಿದೆವು. ಅವಳು ಏನೂ ಮಾತಾಡದೆ ತನ್ನ ತೋಳನ್ನು ಮಗನ ತೋಳಿನ ಪಕ್ಕಕ್ಕೆ ಹಿಡಿದಳು. ಅವಳ ತೋಳಿನ ಮೇಲೂ ಮಾಸಿದ ಹಸಿರು ಹಚ್ಚೆಯಿತ್ತು. ಆಮೇಲೆ ಬೆರಳಿನಿಂದ ಆ ಅಕ್ಷರ ಸವರಿ ಕೇಳಿದಳು: "ಬಾಳ ನೋವಾತೇನೋ?"

ಪ್ರಸಾದದ ಗಂಟೆ ಆಯಿತು. ಇನ್ನು ಏಳೋಣ.