ಸೂತಕ ಕಳೆಯುವ ಮುನ್ನ ಕೇಳುವ ಸಹಿ

(ಮಹಿಳೆಯರ ಕಾನೂನು ಅರಿವು ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ವರದಕ್ಷಿಣೆಯ ಬಗ್ಗೆ ನಾವಾಡುವ ಮಾತು ಸಾಮಾನ್ಯವಾಗಿ ಮದುವೆಯ ಚಪ್ಪರದಲ್ಲಿ ಶುರುವಾಗಿ ಅಡುಗೆಮನೆಯ ಬೆಂಕಿಯಲ್ಲಿ ಮುಗಿಯುತ್ತದೆ. ಇವತ್ತು ಅದರ ಇನ್ನೊಂದು ಮುಖವನ್ನು ನಿಮ್ಮ ಮುಂದಿಡುತ್ತೇನೆ. ಮನೆಯಲ್ಲಿ ಸಾವಾದ ಮೇಲೆ, ಸತ್ತವರ ಆಸ್ತಿ ಹಂಚುವ ಹೊತ್ತಿನಲ್ಲಿ ಹೆಣ್ಣಿನ ಮೇಲೆ ನಡೆಯುವ ದೌರ್ಜನ್ಯ ಅದು. ಅಲ್ಲಿ ಹೊಡೆತ ಬಡಿತ ಇರಲೇಬೇಕೆಂದಿಲ್ಲ. ಒಂದು ಛಾಪಾ ಕಾಗದ, ಒಂದು ಪೆನ್ನು ಸಾಕು. ನಾನು ವಕೀಲೆಯಲ್ಲ, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಆದ್ದರಿಂದ ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲು ನಮಗೆಲ್ಲ ತಿಳಿದಿರಬೇಕಾದಷ್ಟನ್ನೇ ಹೇಳುತ್ತೇನೆ.

ಅಪ್ಪ ತೀರಿಕೊಂಡಾಗ ಅಣ್ಣತಮ್ಮಂದಿರು ಏನನ್ನುತ್ತಾರೆ? “ನಿನ್ನ ಮದುವೆಗೆ ಸುರಿದದ್ದೇ ನಿನ್ನ ಪಾಲು. ಅರಿಶಿನ ಕುಂಕುಮಕ್ಕೆ ಅಂತ ಏನೋ ಕೊಡ್ತೀವಿ, ಇಲ್ಲೊಂದು ಸಹಿ ಹಾಕಮ್ಮ.” ಗಂಡ ತೀರಿಕೊಂಡಾಗ ಅತ್ತೆಮನೆಯವರು ಏನನ್ನುತ್ತಾರೆ? “ಅವನೇ ಇಲ್ಲದ ಮೇಲೆ ನಿನಗಿಲ್ಲಿ ಏನಿದೆ? ತವರಿಗೆ ಹೋಗು.” ಕೊಟ್ಟ ಮನೆಯೂ ವರದಕ್ಷಿಣೆಯ ಲೆಕ್ಕ ತೋರಿಸಿ ಬಾಗಿಲು ಹಾಕುತ್ತದೆ, ತೆಗೆದುಕೊಂಡ ಮನೆ ಅದನ್ನು ನುಂಗಿ ಬಾಗಿಲು ಹಾಕುತ್ತದೆ.

ವರದಕ್ಷಿಣೆ ಕೊಟ್ಟರೆ ಮಗಳ ಪಾಲು ತೀರಿತು ಎಂದು ಯಾವ ಕಾನೂನೂ ಹೇಳುವುದಿಲ್ಲ. ನಮ್ಮ ರಾಜ್ಯದಲ್ಲಿ 1994ರ ಜುಲೈ 30ರಂದು ಜಾರಿಗೆ ಬಂದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಗೋಡೆಯನ್ನು ಕೆಡವಿತು. ತಂದೆ 2005ರಲ್ಲಿ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕಾನೂನುಬದ್ಧವಾಗಿ ಆಗಿಹೋದ ವಿಭಾಗ, ಮಾರಾಟಗಳನ್ನು ಮಾತ್ರ ಈ ತಿದ್ದುಪಡಿ ಮುಟ್ಟುವುದಿಲ್ಲ.

ಇನ್ನು ಗಂಡನ ಮನೆ. ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ, ಉಯಿಲು ಬರೆಯದೆ ಗಂಡ ಸತ್ತರೆ ಅವನ ಸ್ವತ್ತು ಹೆಂಡತಿ, ಮಗ, ಮಗಳು, ತಾಯಿ ಇವರಿಗೆ ತಲೆಗೊಂದು ಸಮಪಾಲು. ಇವರಿರುವಾಗ ಮಾವನಿಗಾಗಲಿ ಮೈದುನನಿಗಾಗಲಿ ಅದರಲ್ಲಿ ಕಾಸಿನ ಹಕ್ಕಿಲ್ಲ. ಆಕೆ ಮತ್ತೆ ಮದುವೆಯಾದರೂ ಬಂದ ಪಾಲು ಹೋಗುವುದಿಲ್ಲ. ಮುಸ್ಲಿಂ ಮತ್ತು ಕ್ರೈಸ್ತ ಸಹೋದರಿಯರ ಲೆಕ್ಕ ಬೇರೆ. ಆದರೆ ಕೊಡದೆ ಉಳಿದ ಮೆಹರ್ ಗಂಡ ತೀರಿಸಬೇಕಿದ್ದ ಸಾಲ, ಆಸ್ತಿ ಹಂಚುವ ಮೊದಲೇ ಅದು ಸಲ್ಲಬೇಕು ಎಂಬುದನ್ನು ನೆನಪಿಡಿ.

ಹಂಚಿಕೆಗೆ ಕೂರುವ ಮುನ್ನ ಮೊದಲ ಕೆಲಸ, ನಿಮ್ಮದನ್ನು ಬೇರೆ ತೆಗೆದಿಡುವುದು. ಸ್ತ್ರೀಧನ ಗಂಡನ ಆಸ್ತಿಯಲ್ಲ. 1985ರ ಪ್ರತಿಭಾ ರಾಣಿ ತೀರ್ಪು ಅದನ್ನು ಹೆಣ್ಣಿನ ಪೂರ್ಣ ಸ್ವತ್ತೆಂದಿತು. ಆದ್ದರಿಂದ ಮದುವೆಯಲ್ಲಿ ಬಂದ ಒಡವೆ, ಪಾತ್ರೆಗಳು ಪಾಲಿನ ಪಟ್ಟಿಗೆ ಸೇರಕೂಡದು. ಸಾಲದ ವಿಷಯವೂ ಹೀಗೆಯೇ. ಗಂಡನ ಸಾಲಗಾರರು ಬಂದು ತಾಳಿಸರದ ಮೇಲೆ ಕಣ್ಣು ಹಾಕುತ್ತಾರೆ. ಜಾಮೀನಿಗೋ ಜಂಟಿ ಸಾಲಕ್ಕೋ ನೀವು ಸಹಿ ಹಾಕಿರದಿದ್ದರೆ, ಗಂಡನಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆ. ನಿಮ್ಮ ಒಡವೆ, ನಿಮ್ಮ ದುಡಿಮೆಯ ಹಣಕ್ಕೆ ಅವರು ಕೈಹಾಕುವಂತಿಲ್ಲ.

ಎರಡನೆಯದು, ಸಹಿ. ಸ್ಥಿರಾಸ್ತಿಯ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು. ಆದ್ದರಿಂದಲೇ “ಪೌತಿ ಖಾತೆಗೆ ಬೇಕು” ಎಂದು ಹೇಳಿ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುತ್ತಾರೆ. ಓದದೆ, ಓದಿಸದೆ, ದುಃಖದ ಮನೆಯಲ್ಲಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಹೆಬ್ಬೆಟ್ಟನ್ನೂ ಒತ್ತಬೇಡಿ. ವಂಶವೃಕ್ಷದಲ್ಲಿ ನಿಮ್ಮ ಹೆಸರು, ಮಕ್ಕಳ ಹೆಸರು ಇದೆಯೇ ನೋಡಿ. ಬಿಟ್ಟಿದ್ದರೆ ತಹಶೀಲ್ದಾರರಿಗೆ ತಕರಾರು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಖಾತೆ ಅವರ ಹೆಸರಿಗೆ ಆಗಿಹೋದರೂ ಎದೆಗುಂದಬೇಡಿ. ಖಾತೆ ಕಂದಾಯ ಕಟ್ಟುವುದಕ್ಕೆ, ಅದರಿಂದಲೇ ಒಡೆತನ ಹುಟ್ಟುವುದಿಲ್ಲ.

ನಾಮಿನಿಯ ವಿಷಯದಲ್ಲಿ ಗೊಂದಲವಿದೆ. ಬ್ಯಾಂಕಿನ ಠೇವಣಿಗೆ ನಾಮಿನಿ ಆದವರು ಹಣ ಪಡೆದುಕೊಳ್ಳುವವರು ಮಾತ್ರ, ವಾರಸುದಾರರ ಹಕ್ಕು ಉಳಿದೇ ಇರುತ್ತದೆ. ಜೀವವಿಮೆ ಹಾಗಲ್ಲ. 2015ರ ತಿದ್ದುಪಡಿಯ ನಂತರ ತಂದೆತಾಯಿ, ಹೆಂಡತಿ, ಗಂಡ ಅಥವಾ ಮಕ್ಕಳು ನಾಮಿನಿಯಾಗಿದ್ದರೆ ಸಾಮಾನ್ಯವಾಗಿ ಹಣ ಅವರದೇ. ಮದುವೆಗೆ ಮೊದಲು ಮಾಡಿಸಿದ ಪಾಲಿಸಿಯಲ್ಲಿ ಯಾರ ಹೆಸರಿದೆ ಎಂದು ಗಂಡ ಬದುಕಿರುವಾಗಲೇ ನೋಡಿಕೊಳ್ಳಿ.

ಇದ್ದಕ್ಕಿದ್ದಂತೆ ಉಯಿಲೊಂದು ಹೊರಬಂದರೆ ಹೆದರಬೇಡಿ. ಮೈಸೂರಿನಿಂದಲೇ ಹೋದ ಪ್ರಕರಣವೊಂದರಲ್ಲಿ, ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ, ಸುಪ್ರೀಂ ಕೋರ್ಟ್ ಹೇಳಿದ ಮಾತು ಈಗಲೂ ನಿಂತಿದೆ: ಉಯಿಲನ್ನು ಮುಂದಿಟ್ಟವರೇ ಅದರ ಸುತ್ತಲಿನ ಅನುಮಾನಗಳನ್ನು ನಿವಾರಿಸಬೇಕು.

ಮಾತುಕತೆ ಮುರಿದರೆ ವಿಭಾಗದ ದಾವೆ. ಅದರಲ್ಲಿ ಎಲ್ಲ ವಾರಸುದಾರರನ್ನೂ, ಗೊತ್ತಿರುವ ಎಲ್ಲ ಆಸ್ತಿಯನ್ನೂ ಸೇರಿಸಬೇಕು. ಬಿಟ್ಟರೆ ಅದೇ ಎದುರಾಳಿಗೆ ಅಸ್ತ್ರ. ಜೊತೆಯಲ್ಲೇ ಮಾರಾಟಕ್ಕೆ ತಡೆಯಾಜ್ಞೆ ಕೇಳಬೇಕು. ರಾಜಿ ಬೇಡವೆಂದು ನಾನು ಹೇಳುವುದಿಲ್ಲ, ವರ್ಷಗಟ್ಟಲೆ ಅಲೆದಾಟ ಯಾರಿಗೆ ಬೇಕು? ಆದರೆ ಆಸ್ತಿಯ ಪೂರ್ತಿ ಪಟ್ಟಿ ಕೈಗೆ ಬಂದ ಮೇಲೆ ರಾಜಿ. ಲೋಕ ಅದಾಲತ್ತಿನ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ. ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಣ್ಣಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವಿದೆ. ಈ ನಡುವೆ ಮನೆಯಿಂದ ಹೊರಹಾಕಿದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಇದೆ. ವಿಧವೆಗೂ ಗಂಡನ ಮನೆಯಲ್ಲಿ ವಾಸಿಸುವ ಹಕ್ಕಿದೆ ಎಂದು 2022ರಲ್ಲಿ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕೊನೆಯದು, ಹೇಳಲು ಕಷ್ಟವಾದದ್ದು. ಸತ್ತವಳು ಹೆಣ್ಣೇ ಆದರೆ? ಮದುವೆಯಾದ ಏಳು ವರ್ಷದೊಳಗೆ ಅಸಹಜವಾಗಿ ಸತ್ತರೆ, ಆಕೆಗೆ ಸಲ್ಲಬೇಕಿದ್ದ ವರದಕ್ಷಿಣೆ ಮಕ್ಕಳಿಗೆ, ಮಕ್ಕಳಿಲ್ಲದಿದ್ದರೆ ತಂದೆತಾಯಿಗೆ ಸೇರಬೇಕು. 1986ರ ತಿದ್ದುಪಡಿ ಇದನ್ನು ವರದಕ್ಷಿಣೆ ನಿಷೇಧ ಕಾಯಿದೆಯ 6ನೇ ಕಲಮಿಗೆ ಸೇರಿಸಿತು. ಕೊಲೆ ಮಾಡಿದವನು ಕೊಂದವಳ ಆಸ್ತಿಗೆ ವಾರಸುದಾರನಾಗಲಾರ. ಮಗಳನ್ನು ಕಳೆದುಕೊಂಡ ಮನೆಗಳು ಕ್ರಿಮಿನಲ್ ಕೇಸಿನಲ್ಲೇ ಸೋತು ಸುಣ್ಣವಾಗಿ ಈ ಹಕ್ಕನ್ನು ಕೇಳುವುದೇ ಇಲ್ಲ.

ಇನ್ನೊಂದು ಉದಾಹರಣೆ ಕೇಳಿ. ಮದುವೆಯಾದ ಮೂರೇ ತಿಂಗಳಿಗೆ ವಿಧವೆಯಾಗಿ, ಅತ್ತೆಮನೆಯಿಂದ ಅಟ್ಟಿಸಿಕೊಂಡು, ತವರಿನ ಆಸರೆಯಲ್ಲಿ ಓದಿ ನೌಕರಿ ಹಿಡಿದ ಒಬ್ಬಾಕೆ 1996ರಲ್ಲಿ ಉಯಿಲಿಲ್ಲದೆ ತೀರಿಕೊಂಡಳು. ಆಕೆಯ ದುಡಿಮೆಯ ಹಣ ಹೆತ್ತವಳಿಗಲ್ಲ, ಗಂಡನ ಕಡೆಯವರಿಗೆ ಸೇರಬೇಕೆಂದು 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 15ನೇ ಕಲಂ ಇರುವುದೇ ಹಾಗೆ. ಅದು ಬದಲಾಗಬೇಕೆಂದು ಒತ್ತಾಯಿಸೋಣ. ಆದರೆ ಅಲ್ಲಿಯವರೆಗೆ ಕಾಯದೆ ಪ್ರತಿಯೊಬ್ಬ ದುಡಿಯುವ ಹೆಣ್ಣೂ ಇಬ್ಬರು ಸಾಕ್ಷಿಗಳ ಮುಂದೆ ಒಂದು ಉಯಿಲು ಬರೆದಿಡಲಿ.

ನಿಮ್ಮ ಸಂಘಗಳಿಗೆ ನನ್ನದೊಂದು ಕೋರಿಕೆ. ಬೀದಿಯಲ್ಲಿ ಸಾವಾದಾಗ ಹೂವಿನ ಹಾರ ಹಿಡಿದು ಹೋಗುವಿರಲ್ಲ, ವೈಕುಂಠ ಸಮಾರಾಧನೆ ಮುಗಿಯುವ ಮುನ್ನ ಇನ್ನೊಮ್ಮೆ ಹೋಗಿ. ಆಕೆಯ ಪಕ್ಕದಲ್ಲಿ ಕುಳಿತು, “ಏನಾದರೂ ಸಹಿ ಕೇಳಿದರೇನಮ್ಮಾ?” ಎಂದು ವಿಚಾರಿಸಿ. ಮರಣ ಪ್ರಮಾಣಪತ್ರ, ಪಹಣಿ, ಋಣಭಾರ ಪತ್ರ, ಪಾಸ್‌ಬುಕ್ಕುಗಳ ನಕಲು ತೆಗೆಸಿಡಲು ಜೊತೆಗೆ ಓಡಾಡಿ. ಮುಂದೆ ದಾವೆ ಹೂಡಬೇಕಾಗಿ ಬಂದರೆ ಆಕೆಯ ಕೈಯಲ್ಲಿ ಆ ಕಾಗದಗಳಾದರೂ ಇರುತ್ತವೆ.