ಕೊರ್ಲಹಳ್ಳಿಯ ದಾರಿ: ಮಣ್ಣು, ಹೊಳೆ, ಗಡಿ



ಹೆದ್ದಾರಿ ಎಂದೊಡನೆ ನಮಗೆ ಬೆಂಗಳೂರು, ಪುಣೆಯಂಥ ದೊಡ್ಡ ಊರುಗಳ ನೆನಪಾಗುತ್ತದೆ. ಇಂದು ಅಷ್ಟು ದೂರ ಹೋಗುವುದು ಬೇಡ. ಗದಗ ಜಿಲ್ಲೆಯ ಮುಂಡರಗಿಯಿಂದ ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿಗೆ ಬಂದು, ಸೇತುವೆ ದಾಟಿ ಹೂವಿನಹಡಗಲಿಯ ಕಡೆಗೆ ಹೋಗುವ ರಾಜ್ಯ ಹೆದ್ದಾರಿಯ ಒಂದು ತುಂಡನ್ನು ನೋಡೋಣ. ದಾರಿ ಚಿಕ್ಕದು. ಆದರೆ ಅದು ಮೂರು ಅಡ್ಡಿಗಳನ್ನು ಗೆಲ್ಲಬೇಕಾಯಿತು: ಮಣ್ಣು, ಹೊಳೆ ಮತ್ತು ಗಡಿ.

ಮೊದಲನೆಯದು ಮಣ್ಣು. ಈ ಸೀಮೆಯಲ್ಲಿ ಎರೆಭೂಮಿ ಹೆಚ್ಚು. ಜೋಳ, ಕಡಲೆ, ಹತ್ತಿಗೆ ಅದು ತಾಯಿ. ರಸ್ತೆಗೆ ಮಾತ್ರ ಮಲತಾಯಿ. ಎರೆಮಣ್ಣಿನಲ್ಲಿರುವ ಜೇಡಿಯ ಕಣಗಳು ತೆಳುವಾದ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತಿವೆ. ಮಳೆ ಬಿದ್ದಾಗ ಹಾಳೆಗಳ ನಡುವೆ ನೀರು ಸೇರಿ ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಮೇಲಿನ ಡಾಂಬರು ಈ ಏರಿಳಿತವನ್ನು ತಾಳಲಾರದು. ಆದ್ದರಿಂದ ಎಂಜಿನಿಯರರು ಅಡಿಯಲ್ಲಿ ಗರಸು ಹಾಕಿ ಬಿಗಿಗೊಳಿಸುತ್ತಾರೆ, ಕೆಲವೆಡೆ ಮಣ್ಣಿಗೆ ಸುಣ್ಣ ಬೆರೆಸುತ್ತಾರೆ, ಇಕ್ಕೆಲಗಳಲ್ಲಿ ನೀರು ಹರಿಯಲು ಚರಂಡಿ ತೆಗೆಯುತ್ತಾರೆ. ಚರಂಡಿ ಮುಚ್ಚಿಹೋದರೆ ಒಳ್ಳೆಯ ರಸ್ತೆಯೂ ಬೇಗ ಕೆಡುತ್ತದೆ.

ಎರಡನೆಯದು ಹೊಳೆ. ತುಂಗೆ ಮತ್ತು ಭದ್ರೆ ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ಒಂದಾಗಿ ಇತ್ತ ಹರಿಯುತ್ತವೆ. ಮಲೆನಾಡಿನಲ್ಲಿ ಜೋರಾಗಿ ಮಳೆಯಾದರೆ, ಇಲ್ಲಿ ಬಿಸಿಲಿದ್ದರೂ ಹೊಳೆ ತುಂಬುತ್ತದೆ. ಸೇತುವೆ ಇಲ್ಲದ ಕಾಲದಲ್ಲಿ ಬೇಸಿಗೆಯಲ್ಲಿ ಉಸುಕು ತುಳಿದು ದಾಟಬೇಕು, ಮಳೆಗಾಲದಲ್ಲಿ ಹರಿಗೋಲನ್ನು ನಂಬಬೇಕು. ಹೆರಿಗೆಯ ನೋವಿನ ಹೆಣ್ಣುಮಗಳಿಗೆ, ಹಾವು ಕಡಿದವನಿಗೆ ಹೊಳೆ ಇಳಿಯುವವರೆಗೆ ಕಾಯುವುದು ಎಂದರೇನು ಎಂಬುದನ್ನು ನೀವೇ ಊಹಿಸಿ.

ಮೂರನೆಯದು ಕಣ್ಣಿಗೆ ಕಾಣದ ಗಡಿ. ಬ್ರಿಟಿಷರ ಕಾಲದಲ್ಲಿ ಮುಂಡರಗಿ ಸೀಮೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಹೊಳೆಯ ಆಚೆಯ ಹಡಗಲಿ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಪೂರ್ವಕ್ಕೆ ಕೊಪ್ಪಳ ನಿಜಾಮರ ಹೈದರಾಬಾದಿನದು. ಮೂರೂ ಕಡೆ ಮಾತು ಕನ್ನಡ, ಸರಕಾರ ಮಾತ್ರ ಬೇರೆ ಬೇರೆ. ಈಚೆಯ ಅರ್ಜಿ ಮುಂಬಯಿಗೆ, ಆಚೆಯ ಅರ್ಜಿ ಮದ್ರಾಸಿಗೆ! ಹೊಳೆ ಇಬ್ಬರ ಅಂಚಿನಲ್ಲಿತ್ತು, ಯಾರ ನಡುಮನೆಯಲ್ಲೂ ಇರಲಿಲ್ಲ.

1953ರ ಅಕ್ಟೋಬರ್ 1ರಂದು ಹಡಗಲಿ ಮೈಸೂರು ರಾಜ್ಯಕ್ಕೆ ಸೇರಿತು. 1956ರ ನವೆಂಬರ್ 1ರಂದು ಧಾರವಾಡ ಮತ್ತು ಕೊಪ್ಪಳದ ಸೀಮೆಗಳೂ ಬಂದು ಸೇರಿದವು. ಎರಡೂ ದಂಡೆಗಳಿಗೆ ಒಂದೇ ಸರಕಾರವಾಯಿತು. ಇಂದು ಹೊಳೆಯ ಮೇಲೆ ಸೇತುವೆ ಇದೆ. ಅದರ ಎರಡು ತುದಿಗಳ ಜಿಲ್ಲೆಗಳ ಹೆಸರೂ ಬದಲಾಗಿವೆ: 1997ರಲ್ಲಿ ಈಚೆ ಗದಗ ಜಿಲ್ಲೆಯಾಯಿತು, 2021ರಲ್ಲಿ ಆಚೆ ವಿಜಯನಗರ ಜಿಲ್ಲೆಯಾಯಿತು. ಜಿಲ್ಲೆಗಳು ಬೇರೆಯಾದರೂ ದಾರಿ ಕಡಿಯಲಿಲ್ಲ. ಹಡಗಲಿಯ ಮಲ್ಲಿಗೆಗೆ ಹೆಸರಿದೆ. ಬಾಡುವ ಮೊದಲೇ ಮಾರುಕಟ್ಟೆ ಸೇರಬೇಕಾದ ಹೂವಿಗೆ ಒಂದೊಂದು ಗಂಟೆಯೂ ಬೆಲೆಯುಳ್ಳದ್ದು.

ಈಗ ನಿಮಗೆ ಎರಡು ಕೆಲಸ. ಒಂದು ಗಾಜಿನ ಲೋಟದಲ್ಲಿ ಕಾಲು ಭಾಗ ಒಣ ಎರೆಮಣ್ಣಿನ ಪುಡಿ ಹಾಕಿ, ಮಟ್ಟಕ್ಕೆ ಗುರುತು ಮಾಡಿ, ನೀರು ತುಂಬಿಸಿ ಮರುದಿನ ನೋಡಿ. ಮಣ್ಣು ಎಷ್ಟು ಮೇಲೇರಿದೆ ಎಂದು ಅಳೆಯಿರಿ. ಎರಡನೆಯದು, ನಿಮ್ಮ ಊರಿನ ಹಳ್ಳಕ್ಕೆ ಸೇತುವೆ ಬರುವ ಮೊದಲು ಹೇಗೆ ದಾಟುತ್ತಿದ್ದಿರಿ ಎಂದು ಅಜ್ಜ, ಅಜ್ಜಿಯನ್ನು ಕೇಳಿ ಬರೆದಿಡಿ. ಮೊದಲನೆಯದು ವಿಜ್ಞಾನ, ಎರಡನೆಯದು ಇತಿಹಾಸ. ರಸ್ತೆಗೆ ಎರಡೂ ಬೇಕು.