ಮೇಜಿನ ಮೇಲಿಟ್ಟ ಹಳೆಯ ಫೋನು
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಆಡಿದ ಮಾತು)

 

ನಮ್ಮ ಅರ್ಜಿ ನಮೂನೆಯಲ್ಲಿ ಹಿಂದಿನಿಂದಲೂ ಒಂದು ಸಾಲಿದೆ: "ಮೊಬೈಲ್ ಖರೀದಿಗೆ ಸಹಾಯ ಇಲ್ಲ." ಅದನ್ನು ಬರೆದವರು ನಾವೇ. ದಾನಿಗಳ ಹಣ ರೀಲ್ಸ್ ನೋಡಲು ಹೋಗಬಾರದು ಎಂಬ ಭಯ ನಮಗಿತ್ತು. ನಿಜ ಹೇಳಬೇಕೆಂದರೆ, ಈಗಲೂ ಇದೆ. ಆದರೆ ಈ ಸಲದ ಸಂದರ್ಶನದಲ್ಲಿ ಒಬ್ಬ ಹುಡುಗ ನಮ್ಮನ್ನು ಯೋಚನೆಗೆ ಹಚ್ಚಿದ.

ಪಿಯುಸಿ ಓದುವ ಹುಡುಗ, ಕಿವಿ ಬಹಳ ಮಂದ. ಹಿಂದಿನ ವರ್ಷ ತಾಯಿ ಜೊತೆಗೆ ಬಂದು ನಮ್ಮ ಪ್ರಶ್ನೆಗಳಿಗೆಲ್ಲ ತಾವೇ ಉತ್ತರ ಕೊಟ್ಟಿದ್ದರು. ನಾವೂ ಅವನ ಮುಖ ನೋಡದೆ ಅವರ ಹತ್ತಿರವೇ ಮಾತಾಡಿ ಕಳಿಸಿದ್ದೆವು. ಈ ಸಲ ಅವನು ಅಕ್ಕನ ಹಳೆಯ ಫೋನನ್ನು ಮೇಜಿನ ಮೇಲಿಟ್ಟು, "ಈಗ ಕೇಳಿ ಸರ್" ಎಂದ. ನಾವು ಆಡಿದ ಮಾತು ಕನ್ನಡ ಅಕ್ಷರಗಳಾಗಿ ಪರದೆಯ ಮೇಲೆ ಓಡತೊಡಗಿತು. ಅವನು ಓದುತ್ತ ತಾನೇ ಉತ್ತರಿಸಿದ. ಮುಂದೆ ಏನು ಓದಬೇಕೆಂದು ಕೇಳಿದಾಗ, ತಾಯಿ ಹಿಂದಿನ ವರ್ಷ ಹೇಳಿದ್ದ ಬಿ.ಕಾಂ. ಅಲ್ಲ, ಬೇರೆಯೇ ಹೇಳಿದ! ಬಾಗಿಲ ಬಳಿ ಕೂತಿದ್ದ ತಾಯಿಗೂ ಅದು ಹೊಸ ಸುದ್ದಿ.

ಆ ಆ್ಯಪಿನ ಹೆಸರು ಲೈವ್ ಟ್ರಾನ್ಸ್‌ಕ್ರೈಬ್. 2019ರಲ್ಲಿ ಗೂಗಲ್ ಹೊರತಂದದ್ದು, ಆಂಡ್ರಾಯ್ಡ್ ಫೋನುಗಳಲ್ಲಿ ಉಚಿತ. ಅದರ ಹಿಂದೆ ದುಡಿದವರಲ್ಲಿ ದಿಮಿತ್ರಿ ಕನೆವ್‌ಸ್ಕಿ ಎಂಬ ವಿಜ್ಞಾನಿ ಒಬ್ಬರು, ಬಾಲ್ಯದಿಂದಲೇ ಕಿವಿ ಕೇಳದವರು. ವಾಷಿಂಗ್ಟನ್ನಿನ ಗ್ಯಾಲಡೆಟ್ ವಿಶ್ವವಿದ್ಯಾಲಯವೂ ಕೈಜೋಡಿಸಿತ್ತು.

ಯಂತ್ರಕಲಿಕೆ ಎಂದರೆ ನಮ್ಮ ಕಣ್ಣ ಮುಂದೆ ರೋಬೋಟ್ ಬರುತ್ತದೆ. ಇಲ್ಲಿ ನಡೆದಿರುವುದು ಇಷ್ಟು: ಜನರು ಆಡಿದ ಮಾತಿನ ರೆಕಾರ್ಡಿಂಗ್ ಮತ್ತು ಅದರ ಬರಹ, ಎರಡನ್ನೂ ಜೋಡಿಯಾಗಿ ರಾಶಿಗಟ್ಟಲೆ ಯಂತ್ರಕ್ಕೆ ಕೊಡುತ್ತಾರೆ. ಯಾವ ಸದ್ದಿಗೆ ಯಾವ ಅಕ್ಷರ ಎಂಬುದನ್ನು ಅದು ತಾನೇ ಹೊಂದಿಸಿಕೊಳ್ಳುತ್ತದೆ. ಬೇಡದ ಇಮೇಲನ್ನು ಬದಿಗೆ ತಳ್ಳುವುದೂ, ಮುಖ ನೋಡಿ ಫೋನು ತೆರೆಯುವುದೂ ಇದೇ ಜಾತಿಯ ಕಲಿಕೆ. ಸದ್ದಿಲ್ಲದೆ ನಡೆಯುವುದರಿಂದ ನಾವು ಅದನ್ನು ಲೆಕ್ಕಕ್ಕೇ ಹಿಡಿದಿಲ್ಲ.

ತಪ್ಪೂ ಮಾಡುತ್ತದೆ. ನಮ್ಮ "ಫೀಸು" ಅದಕ್ಕೆ "ಪೀಸು" ಆಯಿತು. ಊರಿನ ಹೆಸರುಗಳಂತೂ ಕೇಳಬೇಡಿ. ಇಬ್ಬರು ಒಟ್ಟಿಗೆ ಮಾತಾಡಿದರೆ ಕಲಸುಮೇಲೋಗರ. ಆ ಹಳೆಯ ಫೋನಿನಲ್ಲಿ ಕನ್ನಡಕ್ಕೆ ಇಂಟರ್‌ನೆಟ್ ಬೇಕು. ಆ ಹುಡುಗನ ಡೇಟಾ ತಿಂಗಳ ಕೊನೆಗೆ ಮುಗಿದಿರುತ್ತದಂತೆ. ಕಾಲೇಜಿನಲ್ಲಿ ಫೋನ್ ತೆಗೆಯಲು ಬಿಡದ ಕಾರಣ ತರಗತಿಯಲ್ಲಿ ಅವನಿಗೆ ಇದರ ಉಪಯೋಗವೂ ಆಗಿಲ್ಲ. ಅನುಮತಿ ಕೇಳಿ ಪ್ರಾಂಶುಪಾಲರಿಗೆ ನಾವು ಪತ್ರ ಬರೆದಿದ್ದೇವೆ.

ಆ ಹಳೆಯ ಸಾಲನ್ನು ಪೂರ್ತಿ ತೆಗೆದಿಲ್ಲ, ತಿದ್ದಿದ್ದೇವೆ. ಶ್ರವಣದೋಷ ಅಥವಾ ದೃಷ್ಟಿದೋಷವಿರುವ ವಿದ್ಯಾರ್ಥಿಗಳು ಈ ವರ್ಷದಿಂದ ಫೋನ್ ಮತ್ತು ಡೇಟಾ ವೆಚ್ಚಕ್ಕೆ ಅರ್ಜಿ ಹಾಕಬಹುದು. ಅಂಗವಿಕಲರ ಗುರುತಿನ ಚೀಟಿಯ ನಕಲು ಲಗತ್ತಿಸಬೇಕು. ಸಂದರ್ಶನಕ್ಕೆ ಮಕ್ಕಳೇ ಉತ್ತರ ಕೊಡಲಿ, ಪೋಷಕರು ದಯವಿಟ್ಟು ಹೊರಗೆ ಕೂರಿ. ಚೆನ್ನಾಗಿ ನಡೆಯುವ ಹಳೆಯ ಫೋನ್ ಕೊಡಬಯಸುವ ದಾನಿಗಳು ಅದರೊಳಗಿನ ಫೋಟೊ, ಬ್ಯಾಂಕ್ ವಿವರ ಎಲ್ಲ ಅಳಿಸಿ, ಚಾರ್ಜರ್ ಸಮೇತ ನಮ್ಮ ಕಚೇರಿಗೆ ತಲುಪಿಸಿ.